ಮಡಿಗೊಂದು ಶಾಲು

ನಾನು ಹೆಣೆದದ್ದನ್ನು ಹಾಕಿಕೊಂಡು ನಗೆಪಾಟಲಿಗೆ ಈಡಾಗದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಮದುವೆಯಾದ ಹೊಸದರಲ್ಲಿ ನನ್ನ ಗಂಡನಿಗೆ ತೋಳಿಲ್ಲದ ಸ್ವೆಟರ್ ಒಂದನ್ನು ಹಾಕಿಕೊಟ್ಟಿದ್ದೆ. ನಾಲ್ಕು ಸಲ ಒಗೆಯುವಷ್ಟರಲ್ಲಿ ಅದು ಮೊಣಕಾಲಿನವರೆಗೆ ಇಳಿಯಿತು. ಪಾಪ, ಅವರು ಅದನ್ನು ಪ್ಯಾಂಟಿನೊಳಗೆ ತುರುಕಿಕೊಂಡು ಎರಡು ಚಳಿಗಾಲ ಆಫೀಸಿಗೆ ಹೋದರು. ಹೊಟ್ಟೆ ಬಂದಿದೆ ಎಂದು ಸಹೋದ್ಯೋಗಿಗಳು ರೇಗಿಸಿದರೂ ಹೆಂಡತಿಯ ಕೈಕೆಲಸ ಎಂದು ಬಾಯಿಬಿಡಲಿಲ್ಲವಂತೆ. ಆ ಒಂದು ಕಾರಣಕ್ಕೆ ಅವರ ಎಷ್ಟೋ ತಪ್ಪುಗಳನ್ನು ನಾನು ಮಾಫಿ ಮಾಡಿದ್ದೇನೆ.

ಮುಳಬಾಗಿಲಿನಲ್ಲಿರುವ ನನ್ನ ನಾದಿನಿಯ ಮಗನ ಸ್ವೆಟರಿನದು ಇನ್ನೊಂದು ಕಥೆ. ಹುಡುಗನಿಗೆ ಆಗ ಹತ್ತು ವರ್ಷ. ಅಳತೆ ಕೊಡೇ ಎಂದರೆ ಅವಳು ಫೋನಿನಲ್ಲಿ, "ಎದೆ ಅಗಲಕ್ಕೆ ಎರಡು ಗೇಣು ನಾಲ್ಕು ಬೆರಳು, ತೋಳಿಗೆ ಎರಡು ಗೇಣು ಸಾಕು ಅತ್ತಿಗೆ" ಎಂದಳು. ನಾನೂ ನನ್ನ ಗೇಣಿನಲ್ಲಿ ಅಳೆದು ಅಳೆದು ಹಾಕಿದೆ. ಅವಳದು ಮಗುವಿನಂಥ ಪುಟ್ಟ ಕೈ, ನನ್ನದು ನಮ್ಮಪ್ಪನಿಂದ ಬಂದ ಉದ್ದನೆಯ ಕೈ ಎನ್ನುವುದು ಇಬ್ಬರಿಗೂ ಹೊಳೆಯಲಿಲ್ಲ. ಸ್ವೆಟರ್ ನೆಟ್ಟಗೆ ಹುಡುಗನ ಅಪ್ಪನಿಗೆ ಸರಿಹೋಯಿತು. ಅವರು ಈಗಲೂ ಚಳಿಗಾಲದಲ್ಲಿ ಅದನ್ನು ಹಾಕಿಕೊಂಡೇ ಮಾವಿನ ತೋಪಿಗೆ ಹೋಗುತ್ತಾರೆ. ಅಂದಿನಿಂದ ಅವಳು ಅಳತೆಗೆ ದಾರ ಕತ್ತರಿಸಿ ಕವರಿನಲ್ಲಿ ಕಳಿಸುತ್ತಾಳೆ.

ನನಗೆ ಈ ಹುಚ್ಚು ಹಿಡಿಸಿದವರು ಕೋಲಾರದ ನಮ್ಮ ತವರುಮನೆಯ ಪಕ್ಕದಲ್ಲಿದ್ದ ಹೆಂಗಸು. ಅವರನ್ನು ಅವರ ಅಕ್ಕನ ಮಕ್ಕಳಂತೆಯೇ ನಾನೂ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದೆ. ಸಂಜೆ ಹೊಸ್ತಿಲ ಮೇಲೆ ಕೂತು ಎರಡು ಕಡ್ಡಿ ಹಿಡಿದರೆ ಅವರ ಕೈ ಕಾಣುತ್ತಿರಲಿಲ್ಲ. "ಒಂದು ಸೀದಾ, ಒಂದು ಉಲ್ಟಾ" ಎಂದು ಹೇಳಿಕೊಡುವರು. ಎಲ್ಲೋ ಒಂದು ಕುಣಿಕೆ ಬಿಟ್ಟಿದ್ದೇನೆ ಎಂದರೆ ಮುಗಿಯಿತು, ಕಡ್ಡಿಯನ್ನು ಸರಕ್ಕನೆ ಎಳೆದು ವಾರದ ಕೆಲಸವನ್ನು ನಿಮಿಷದಲ್ಲಿ ಬಿಚ್ಚಿಹಾಕುವರು. ನಾನು ಕಣ್ಣೀರು ಹಾಕಿದರೆ, "ಬಿಚ್ಚಿದ್ದಕ್ಕೆ ಅಳ್ತೀಯಾ ಬೇಟಿ? ಹಂಗಾದ್ರೆ ಹೋಗಿ ಗೊಂಬೆ ಆಡ್ಕೋ" ಎನ್ನುವರು. ಸಿಟ್ಟಿಗೇ ಕಲಿತೆ ಎಂದರೂ ತಪ್ಪಿಲ್ಲ.

ಮದುವೆಯಾಗಿ ಮಾಲೂರಿಗೆ ಬಂದ ಮೇಲೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು. ಇಪ್ಪತ್ತು ವರ್ಷದಿಂದ ಬೆಳಗಿನ ರೈಲು, ಸಂಜೆಯ ರೈಲು. ನನ್ನ ಹೆಣಿಗೆಯೆಲ್ಲ ನಡೆಯುವುದು ಹೆಂಗಸರ ಬೋಗಿಯಲ್ಲೇ. ಕೂರಲು ಜಾಗ ಸಿಕ್ಕ ದಿನ ಮಾಲೂರಿನಿಂದ ವೈಟ್‌ಫೀಲ್ಡಿಗೆ ಹನ್ನೆರಡು ಸಾಲು ಮುಗಿಯುತ್ತದೆ, ನಿಂತುಕೊಂಡರೆ ಆರು. ಅಲ್ಲಿ ಎಲ್ಲರೂ ಪರಿಣತರೇ. "ಕುತ್ತಿಗೆ ಬಿಗಿಯಾಯ್ತು ಕಣೇ, ತಲೆ ಹೆಂಗೆ ತೂರ್ಸೋದು?" ಎಂದು ಒಬ್ಬರು, "ಆ ಬಣ್ಣ ಬೇಡಿತ್ತು" ಎಂದು ಇನ್ನೊಬ್ಬರು. ಇಷ್ಟು ಜನರ ತೀರ್ಪು ದಾಟಿ ಬಂದ ಸ್ವೆಟರ್ ಮನೆಯಲ್ಲಿ ಫೇಲಾದರೆ ನನಗೆ ಅಷ್ಟೇನೂ ಬೇಜಾರಾಗುವುದಿಲ್ಲ.

ಒಬ್ಬರು ಮಾತ್ರ ನಾನು ಹಾಕಿದ್ದನ್ನು ಮುಟ್ಟಿಯೂ ನೋಡಿರಲಿಲ್ಲ. ಅವರು ನನ್ನ ಅತ್ತೆ.

ಅತ್ತೆ ಶ್ರೀನಿವಾಸಪುರದ ಕಡೆಯವರು. ನಮ್ಮ ಹತ್ತಿರ ಕನ್ನಡ, ಸಿಟ್ಟು ಬಂದಾಗ ಮತ್ತು ಅಪರೂಪಕ್ಕೆ ಪ್ರೀತಿ ಉಕ್ಕಿದಾಗ ತೆಲುಗು. ಈಗ ಎಪ್ಪತ್ತೆಂಟು ವರ್ಷ. ಇವತ್ತಿಗೂ ಬೆಳಗಿನ ಜಾವ ಎದ್ದು, ಸ್ನಾನ ಮಾಡಿ, ಹಿಂದಿನ ದಿನ ತಾವೇ ಒಗೆದು ಎತ್ತರದ ಗಳದ ಮೇಲೆ ಹಾಕಿದ ಹತ್ತಿ ಸೀರೆಯನ್ನುಟ್ಟು, ತುಳಸಿಗೆ ನೀರೆರೆದು, ದೇವರ ಮುಂದೆ ಒಂದು ಗಂಟೆ ಕೂರುತ್ತಾರೆ. ಅಷ್ಟು ಹೊತ್ತು ಅವರು ಮಡಿ. ಯಾರೂ ಮುಟ್ಟುವಂತಿಲ್ಲ. ಆ ಗಳವನ್ನಂತೂ ನಾನು ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಮುಟ್ಟಿಲ್ಲ. ರೈಲಿನಲ್ಲಿ ನೂರಾರು ಜನರನ್ನು ಸೋಕಿಸಿಕೊಂಡು ಬರುವವಳು ನಾನು. ಈ ಮಡಿ ಮೈಲಿಗೆಯಲ್ಲಿ ನನಗೆ ನಂಬಿಕೆಯಿಲ್ಲ, ಅದು ಅವರಿಗೂ ಗೊತ್ತು. ಅದರ ಬಗ್ಗೆ ಮೊದಮೊದಲು ವಾದ ಮಾಡಿದೆವು, ಆಮೇಲೆ ಇಬ್ಬರಿಗೂ ಬೇಸರ ಬಂದು ಬಿಟ್ಟುಬಿಟ್ಟೆವು.

ತೊಂದರೆ ಬಂದದ್ದು ಹೋದ ವರ್ಷದ ಹಿಂದಿನ ಧನುರ್ಮಾಸದಲ್ಲಿ. ಸೂರ್ಯ ಹುಟ್ಟುವ ಮೊದಲೇ ಪೂಜೆ ಮುಗಿಯಬೇಕಾದ ತಿಂಗಳು ಅದು. ಆ ಚಳಿಯಲ್ಲಿ ಸೀರೆ ಪೂರ್ತಿ ಒಣಗುವುದೇ ಇಲ್ಲ. ಅರೆ ಒದ್ದೆ ಸೀರೆಯಲ್ಲಿ ಕೂತು ಕೂತು ಅತ್ತೆಗೆ ಉಬ್ಬಸ ಹಿಡಿಯಿತು. ಉಸಿರು ಎಳೆದುಕೊಳ್ಳಲಾಗದೆ ಐದು ದಿನ ಆಸ್ಪತ್ರೆಯಲ್ಲಿದ್ದರು. ಡಾಕ್ಟರು ನನ್ನನ್ನು ಹೊರಗೆ ಕರೆದು, "ಇನ್ನೊಂದು ಸಲ ಹೀಗೆ ಶೀತ ಎದೆಗಿಳಿದರೆ ಕಷ್ಟವಮ್ಮ. ಬೆಳಿಗ್ಗೆ ಹೊತ್ತು ಬೆಚ್ಚಗಿರಲೇಬೇಕು" ಎಂದರು. ನನಗೆ ನಿಜವಾಗಿ ಹೆದರಿಕೆಯಾಯಿತು.

ಅತ್ತೆಗೆ ಹೇಳಿದರೆ ಒಂದೊಂದಕ್ಕೂ ಒಂದೊಂದು ಕಾನೂನು. ಸ್ವೆಟರ್ ಹಾಕಿಕೊಳ್ಳಿ ಎಂದರೆ, ಅದಕ್ಕೆ ಹೊಲಿಗೆ ಇದೆ, ಮಡಿಗೆ ಆಗದು. ಅಂಗಡಿಯ ಶಾಲು ತರಲೇ ಎಂದರೆ, ಮಿಲ್ಲಿನವರು ಗಂಜಿ ಹಾಕಿರುತ್ತಾರೆ, ಗಂಜಿ ಎಂದರೆ ಅನ್ನ, ಅನ್ನ ಎಂದರೆ ಮುಸುರೆ. ಒಗೆದರೆ ಗಂಜಿ ಹೋಗುತ್ತದಲ್ಲ ಎಂದರೆ ಆ ಮಾತೇ ಕಿವಿಗೆ ಬೀಳುವುದಿಲ್ಲ. ಹಿಂದೆ ಅವರ ಅತ್ತೆಯ ಕಾಲದ, ಮಡಿಗೆ ಹೊದೆಯುವ ಉಣ್ಣೆಯ ಧಾವಳಿ ಒಂದಿತ್ತಂತೆ, ಅದನ್ನು ನುಸಿ ತಿಂದುಹಾಕಿತ್ತು.

"ಉಣ್ಣೆ ಆದ್ರೆ ಆಗತ್ತಾ?" ಎಂದು ಕೇಳಿದೆ.

"ಉಣ್ಣೆ, ಪಟ್ಟೆ ಯಾವಾಗ್ಲೂ ಮಡೀನೇ. ಒಗೀದಿದ್ರೂ ಆಗತ್ತೆ. ಕೈಯಲ್ಲಿ ಹಾಕಿದ್ದು, ಹೊಲಿಗೆ ಇಲ್ದೇ ಇರೋದು ಯಾರು ಕೊಡ್ತಾರೆ ಈಗ?"

ನಾನು ಎದ್ದು ನಿಂತುಬಿಟ್ಟೆ. ಇಪ್ಪತ್ತು ವರ್ಷದಿಂದ ಕಡ್ಡಿ ಹಿಡಿದು ಮುಂದೆ ಓಡಾಡುತ್ತಿರುವವಳು ಕಾಣಲಿಲ್ಲವೇ ಇವರಿಗೆ? "ನಾನ್ ಹಾಕ್ಕೊಡ್ತೀನಿ" ಎಂದೆ, ಸ್ವಲ್ಪ ಜೋರಾಗಿಯೇ. ಅತ್ತೆ, "ರೈಲಲ್ಲಿ ಹಾಕ್ಬೇಡ. ಸ್ನಾನ ಮಾಡಿ ಮನೇಲಿ ಕೂತು ಹಾಕು" ಎಂದರು. ನನಗೆ ನಗು ಬಂತು, ಸಿಟ್ಟೂ ಬಂತು, ಆದರೆ ಒಪ್ಪಿಕೊಂಡೆ.

ಯಾವಾಗಲೂ ಹೋಗುವ ಅಂಗಡಿಯಿಂದ ಅರಿಶಿನ ಬಣ್ಣದ ಒಳ್ಳೆಯ ಉಲ್ಲನ್ ಉಂಡೆಗಳನ್ನು ತಂದೆ. ವಾರಕ್ಕೆ ಸಿಗುವುದು ಒಂದೇ ಭಾನುವಾರ. ಸ್ನಾನ ಮಾಡಿ, ಚಾಪೆ ಹಾಕಿ, ಯಾರನ್ನೂ ಹತ್ತಿರ ಸೇರಿಸದೆ ಹಾಕುತ್ತಿದ್ದೆ. ಕಾಫಿ ಲೋಟ ಹಿಡಿದು ಬಂದ ಗಂಡನಿಗೆ, "ರೀ, ಅಲ್ಲೇ ನಿಲ್ಲಿ" ಎನ್ನುವಷ್ಟು ಮಡಿವಂತೆಯಾಗಿದ್ದೆ. ಅವರು ನನ್ನ ಮುಖವನ್ನೂ ಅವರಮ್ಮನ ಮುಖವನ್ನೂ ನೋಡಿ ಸುಮ್ಮನೆ ಹೊರಗೆ ಹೋಗುತ್ತಿದ್ದರು. ಫೆಬ್ರುವರಿಯಲ್ಲಿ ಶುರುವಾದದ್ದು ಮುಗಿಯುವಾಗ ದೀಪಾವಳಿ ಕಳೆದಿತ್ತು. ಎಲ್ಲೂ ಹೊಲಿಗೆಯಿಲ್ಲದ, ಒಂದೇ ಎಳೆಯಿಂದ ಬೆಳೆದು ಬಂದ ಶಾಲು. ನನ್ನ ಕೈಯಿಂದ ಅಷ್ಟು ಸಮನಾದ ಕೆಲಸ ಅದಕ್ಕೆ ಮೊದಲು ಬಂದಿರಲಿಲ್ಲ.

ಅತ್ತೆ ಅದನ್ನು ತೆಗೆದುಕೊಂಡು ದೇವರ ಮನೆಯೊಳಗೆ ಹೋದರು. ಸ್ವಲ್ಪ ಹೊತ್ತಾದ ಮೇಲೆ ಹೊದ್ದುಕೊಂಡು ಬಂದು ಬಾಗಿಲಲ್ಲಿ ನಿಂತರು. "ಬಾಗುಂದಿ" ಎಂದರು. ತೆಲುಗಿನಲ್ಲಿ ಚೆನ್ನಾಗಿದೆ ಎಂದದ್ದು! ಅವತ್ತೆಲ್ಲ ನಾನು ನೆಲದ ಮೇಲೆ ನಡೆಯಲಿಲ್ಲ.

ಮರುದಿನದಿಂದಲೇ ಅರಿಶಿನ ಬಣ್ಣದ ಶಾಲು ತುಳಸಿಕಟ್ಟೆಯ ಸುತ್ತ ಕಾಣತೊಡಗಿತು. ಒಲೆಯ ಹತ್ತಿರ ಹೋಗುವಾಗ ಮಾತ್ರ ಅದನ್ನು ತೆಗೆದು ಗೂಟಕ್ಕೆ ಹಾಕುತ್ತಿದ್ದರು. ಪಕ್ಕದ ಮನೆಯವರು ಕೇಳಿದರೆ, "ನಮ್ಮ ಸೊಸೆ ಹಾಕಿದ್ದು" ಎನ್ನುತ್ತಿದ್ದರು. ಕಾರ್ತಿಕ ಕಳೆಯಿತು, ಚಳಿ ಏರಿತು, ಕೆಮ್ಮು ಬರಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ನಾನು ಕಿವಿಗೊಟ್ಟು ಕೇಳುತ್ತಿದ್ದೆ. ಮಂತ್ರ ಮಾತ್ರ ಕೇಳಿಸುತ್ತಿತ್ತು.

ಉಳಿದ ಒಂದು ಉಂಡೆಯಲ್ಲಿ ನಾದಿನಿಯ ಮಗನಿಗೆ ಟೋಪಿ ಹಾಕೋಣ ಎಂದು ಒಂದು ದಿನ ರೈಲಿನಲ್ಲಿ ಅದನ್ನು ತೆಗೆದೆ. ಪಕ್ಕದಲ್ಲಿ ಕಾಲೇಜಿಗೆ ಹೋಗುವ ಹುಡುಗಿ ಕೂತಿದ್ದಳು. ಬಟ್ಟೆಗಳಿಗೆ ಸಂಬಂಧಪಟ್ಟ ಏನೋ ಕೋರ್ಸು ಓದುವವಳು. ಉಂಡೆಯ ಸುತ್ತ ಇದ್ದ ಕಾಗದದ ಪಟ್ಟಿಯನ್ನು ಓದಿ, "ಅಕ್ರಿಲಿಕ್ಕಾ ಆಂಟಿ? ಚೆನ್ನಾಗಿದೆ" ಎಂದಳು.

"ಅಲ್ಲಮ್ಮ, ಉಲ್ಲನ್ನು."

"ಇಲ್ಲಿ ನೋಡಿ, ನೂರಕ್ಕೆ ನೂರು ಅಕ್ರಿಲಿಕ್ ಅಂತ ಹಾಕಿದ್ದಾರೆ. ಇದ್ರಲ್ಲಿ ಕುರಿ ಕೂದ್ಲು ಒಂದೂ ಇಲ್ಲ. ಒಂಥರಾ ಪ್ಲಾಸ್ಟಿಕ್ ಇದು."

ಅಂಗಡಿಯವನು ಸುಳ್ಳು ಹೇಳಿರಲಿಲ್ಲ. ನಮ್ಮ ಕಡೆ ಸ್ವೆಟರಿನ ದಾರ ಯಾವುದಾದರೂ ಅದರ ಹೆಸರು ಉಲ್ಲನ್ನೇ. ನಾನು ಕೇಳಿದ್ದೂ ಅದನ್ನೇ, ಅವನು ಕೊಟ್ಟದ್ದೂ ಅದನ್ನೇ. ಇಷ್ಟು ವರ್ಷದಲ್ಲಿ ಆ ಪಟ್ಟಿಯ ಮೇಲೆ ಬಣ್ಣದ ನಂಬರನ್ನು ಬಿಟ್ಟು ಬೇರೇನನ್ನೂ ನಾನು ಓದಿರಲಿಲ್ಲ. ಆಫೀಸಿನಲ್ಲಿ ದಿನವಿಡೀ ಕಾಗದ ಓದುವವಳು! ಕೆ.ಆರ್. ಪುರ ಬರುವವರೆಗೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ.

ಹೇಳಿಬಿಡಬೇಕು ಎಂದುಕೊಂಡು ಸಂಜೆ ಮನೆಗೆ ಬಂದೆ. ಅತ್ತೆ ಚಟುವಟಿಕೆಯಿಂದ ಓಡಾಡುತ್ತಿದ್ದರು. ಹೇಳಿದರೆ ನಾಳೆ ಬೆಳಿಗ್ಗೆ ಆ ಶಾಲು ಮೂಲೆ ಸೇರುತ್ತದೆ, ಅವರು ಮತ್ತೆ ಅರೆ ಒದ್ದೆ ಸೀರೆಯಲ್ಲಿ ಕೂರುತ್ತಾರೆ, ಧನುರ್ಮಾಸ ಇನ್ನೇನು ಬಂದೇಬಿಟ್ಟಿತು. ಹೇಳದಿದ್ದರೆ, ಎಪ್ಪತ್ತು ವರ್ಷ ಒಂದು ನೇಮ ಹಿಡಿದು ಬಂದವರನ್ನು ದೇವರ ಮುಂದೆ ನಾನು ದಿನಾ ಮೋಸದಲ್ಲಿ ಕೂರಿಸಿದಂತೆ. ನಾನು ನಂಬುತ್ತೇನೋ ಇಲ್ಲವೋ ಅದು ಬೇರೆ. ಅವರು ನಂಬುತ್ತಾರೆ. ನನ್ನ ಮಾತನ್ನೂ ನಂಬಿದ್ದಾರೆ. ಅವತ್ತು ಹೇಳಲಿಲ್ಲ.

ಗಂಡನಿಗೆ ಹೇಳಿದರೆ, "ಬೆಚ್ಚಗಿದ್ದಾರಲ್ಲ, ಬಿಡು" ಎಂದರು. ಗಂಡಸರಿಗೆ ಎಷ್ಟು ಸುಲಭ. ನಾದಿನಿಗೆ ಫೋನ್ ಮಾಡಿದೆ. ಅವಳು ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು, ಆಮೇಲೆ ದಾರಿ ತೋರಿಸಿದಳು. ದೇವರಾಯಸಮುದ್ರದ ಹತ್ತಿರ ಕುರಿ ಸಾಕುವ ಮನೆಯೊಂದರಲ್ಲಿ ಒಬ್ಬ ಅಜ್ಜಿ ಇನ್ನೂ ಉಣ್ಣೆ ನೂಲುತ್ತಾರಂತೆ. ಆನ್‌ಲೈನಿನಲ್ಲೂ ತರಿಸಬಹುದಿತ್ತು. ಲೇಬಲ್ ಓದದೆ ಕೆಟ್ಟವಳಿಗೆ ಈಗ ಬರೀ ಲೇಬಲ್ ನಂಬುವ ಧೈರ್ಯ ಬರಲಿಲ್ಲ. ಕುರಿಯನ್ನು ಕಣ್ಣಾರೆ ಕಂಡವರ ಕೈಯಿಂದಲೇ ಬರಲಿ ಎಂದೆ.

"ತಂದ್ಕೊಡ್ತೀನಿ, ಆದ್ರೆ ಬೇಗ ಮುಗ್ಸು ಅತ್ತಿಗೆ. ಅಮ್ಮನ ಹತ್ರ ನನ್ ಬಾಯಿ ನಿಲ್ಲಲ್ಲ" ಎಂದಳು.

ಉಣ್ಣೆ ಬಂತು. ಕಪ್ಪು, ದಪ್ಪ, ಒಂದು ಕಡೆ ಹುರಿ ಒಂದು ಕಡೆ ಹತ್ತಿಯಂತೆ ಸಡಿಲ. ಡಬ್ಬಿ ತೆರೆದರೆ ಕುರಿ ಮಂದೆಯೇ ಒಳಗೆ ಬಂದಂತೆ ವಾಸನೆ. ಅಂಟುವಾಳಕಾಯಿ ಹಾಕಿ ಮೂರು ಸಲ ತೊಳೆದೆ. ಭಾನುವಾರಗಳನ್ನು ಕಾಯುತ್ತ ಕೂತರೆ ಸಂಕ್ರಾಂತಿ ದಾಟುತ್ತಿತ್ತು. ಹಾಗಾಗಿ ಎರಡು ಕಡ್ಡಿ ಬಿಟ್ಟು, ಬೇಗ ಸಾಗುವ ಕ್ರೋಶಾ ಕಡ್ಡಿ ಹಿಡಿದೆ, ರೈಲಿನಲ್ಲೇ ಕೂತೆ. ಸೀಟು ಸಿಗದ ದಿನ ಬಾಗಿಲ ಪಕ್ಕ ಒರಗಿ ನಿಂತು ಹಾಕಿದೆ. ಬೋಗಿಯ ಹೆಂಗಸರು ಮೂಗು ಮುಚ್ಚಿಕೊಂಡರು, ಬೈದರು, ಕಾರಣ ಹೇಳಿದ ಮೇಲೆ ಸರದಿಯ ಮೇಲೆ ಕಿಟಕಿ ಸೀಟು ಬಿಟ್ಟುಕೊಟ್ಟರು. ಅವಸರದಲ್ಲಿ ಒಂದು ಸಲ ಎಂಟು ಸಾಲು ತಪ್ಪಿತು. ಖಾಲಾ ನೆನಪಾಗಿ ಒಂದು ಹನಿ ಕಣ್ಣೀರಿಲ್ಲದೆ ಬಿಚ್ಚಿದೆ.

ಮೂರು ವಾರದಲ್ಲಿ ಮುಗಿಯಿತು. ಅರಿಶಿನ ಬಣ್ಣದ್ದರ ಜಾಗದಲ್ಲಿ ಕಪ್ಪನ್ನು ಸುಮ್ಮನೆ ಇಟ್ಟು ಬದಲಾಯಿಸುವಂತಿಲ್ಲವಲ್ಲ, ಬಾಯಿ ಬಿಡಲೇಬೇಕಿತ್ತು. ಧನುರ್ಮಾಸದ ಒಂದು ಭಾನುವಾರ. ಪೂಜೆ ಮುಗಿದು, ಹುಗ್ಗಿ ತಿಂದಾಗಿತ್ತು. ಅತ್ತೆ ಮುಂದಿನ ಜಗಲಿಯಲ್ಲಿ ಬಿಸಿಲಿಗೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ನಾನೂ ಎದುರಿಗೆ ಕೂತೆ, ಒಂದು ಹಿಡಿ ಕಾಯಿ ಬಿಡಿಸಿದೆ. ಆಮೇಲೆ ಕಪ್ಪು ಶಾಲನ್ನು ಅವರ ಮುಂದಿಟ್ಟು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಹಳದಿಯದು ಉಣ್ಣೆಯಲ್ಲ, ನನಗೆ ಗೊತ್ತಿರಲಿಲ್ಲ, ಗೊತ್ತಾದ ಮೇಲೂ ಒಂದು ತಿಂಗಳು ಹೇಳಲಿಲ್ಲ, ಇದು ನಿಜವಾದ ಉಣ್ಣೆ, ಆದರೆ ಇದನ್ನು ಹಾಕಿದ್ದು ರೈಲಿನಲ್ಲಿ.

ಅತ್ತೆ ಅವರೆಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿದರು. ಎದ್ದು ಒಳಗಿನಿಂದ ಬೆಂಕಿಪೊಟ್ಟಣ ತಂದರು. ಶಾಲಿನ ಅಂಚಿನಿಂದ ಒಂದು ಎಳೆ ಕಿತ್ತು, ಕಡ್ಡಿ ಗೀರಿ ಹಿಡಿದರು. ಕೂದಲು ಸುಟ್ಟ ವಾಸನೆ ಬಂತು, ಬೂದಿ ಬೆರಳಲ್ಲಿ ಪುಡಿಯಾಯಿತು. ರೇಷ್ಮೆ ಬೆಳೆಯುವ ಸೀಮೆಯಲ್ಲಿ ಹುಟ್ಟಿದವರು, ಪಟ್ಟೆಸೀರೆ ಅಸಲಿಯೋ ನಕಲಿಯೋ ಎಂದು ಅವರ ಮನೆಗಳಲ್ಲಿ ನೋಡುತ್ತಿದ್ದುದೇ ಹೀಗೆ.

"ಇದು ಉಣ್ಣೆ" ಎಂದರು. "ಅದು ಅಲ್ಲ ಅಂತ ನೀನು ಕೊಟ್ಟ ದಿನಾನೇ ಗೊತ್ತಾಯ್ತು. ದೇವರ ದೀಪಕ್ಕೆ ಒಂದೆಳೆ ಹಿಡ್ದೆ, ಕರಗಿ ಗಂಟಾಯ್ತು."

ನನ್ನ ಕೈಯಲ್ಲಿದ್ದ ಅವರೆಕಾಯಿ ಕೈಯಲ್ಲೇ ಉಳಿಯಿತು. "ಗೊತ್ತಿದ್ದೂ ಹೊದ್ಕೊಂಡ್ರಾ? ಮಡಿಗೆ?"

"ಮಡಿ ಬಿಟ್ಟು ಹೊದೀತೀನಾ? ಹತ್ತಿ ಬಟ್ಟೆ ಒಗೆದ್ರೆ ಮಡಿ ಆಗಲ್ವಾ, ಹಂಗೇ. ದಿನಾ ಮಧ್ಯಾಹ್ನ ನೆನ್ಸಿ ಹಿಂಡಿ ಗಳದ ಮೇಲೆ ಹಾಕ್ತಿದ್ದೆ. ಬೇಗ ಒಣಗತ್ತೆ ಅದು. ನಿನ್ ರೈಲು ಬರೋ ಹೊತ್ಗೆ ಮಡಚಿ ಇಟ್ಟಾಗಿರ್ತಿತ್ತು."

"ಭಾನುವಾರ? ನಾನು ಮನೇಲೇ ಇರ್ತೀನಲ್ಲ?"

"ಊಟ ಆದ್ಮೇಲೆ ಮೂರು ಗಂಟೆ ಗೊರಕೆ ಹೊಡೀತೀಯಲ್ಲ, ಆವಾಗ."

ಎಪ್ಪತ್ತೆಂಟು ವರ್ಷದ ಕೈಗಳು. ನೀರು ಕುಡಿದರೆ ಆ ಶಾಲು ತೇವದ ಗೋಣಿಯಷ್ಟು ಭಾರ. ಎರಡು ತಿಂಗಳು, ಒಂದು ದಿನವೂ ಬಿಡದೆ. "ಹೇಳ್ಬಾರ್ದಿತ್ತಾ ಅತ್ತೆ?" ಎಂದೆ.

"ಹೇಳಿ? ಒಂಬತ್ತು ತಿಂಗಳು ಚಾಪೆ ಮೇಲೆ ಕೂತು ಹಾಕಿದ್ದೀಯ. ಅವತ್ತು ನಿನ್ ಮುಖ ನೋಡಿ ಹೆಂಗೆ ಹೇಳ್ಲಿ? ಊರ್ಕೋ, ಸುಮ್ನಿರು" ಎಂದು ತೆಲುಗು ಬೆರೆಸಿ ಹೇಳಿ ಮತ್ತೆ ಅವರೆಕಾಯಿಗೆ ಕೈ ಹಾಕಿದರು.

"ಮತ್ತೆ ಇದು? ರೈಲಲ್ಲಿ ಎಷ್ಟು ಜನ ಮುಟ್ಟಿದ್ದಾರೋ."

"ಉಣ್ಣೆಗೆ ಮೈಲಿಗೆ ಇಲ್ಲಮ್ಮ. ಯಾರು ಮುಟ್ಟಿದ್ರೂ ಇಲ್ಲ."

ಕಪ್ಪು ಶಾಲನ್ನು ಹೊದ್ದು ನೋಡಿದರು. ಕುತ್ತಿಗೆಯ ಹತ್ತಿರ ಕೆರೆದುಕೊಂಡರು. "ಚುಚ್ಚತ್ತೆ" ಎಂದರು, ತೆಗೆಯಲಿಲ್ಲ. ಒಳಗೆ ಹೋಗಿ ಹಳದಿಯದನ್ನು ತಂದು ನನ್ನ ತೊಡೆಯ ಮೇಲೆ ಹಾಕಿದರು. "ಇದು ನೀನು ಹೊದ್ಕೋ."

"ನನಗ್ಯಾಕೆ ಅತ್ತೆ? ನನಗೆ ಚಳಿ ಆಗಲ್ಲ."

"ಆಗಲ್ವಾ? ದಿನಾ ಬೆಳಿಗ್ಗೆ ಗೇಟ್ ದಾಟೋವಾಗ ಸೆರಗು ಕಿವಿಗೆ ಸುತ್ಕೊಂಡು, ಕೈ ಕಂಕುಳಲ್ಲಿ ಇಟ್ಕೊಂಡು ಓಡ್ತೀಯ. ತುಳಸಿ ಹತ್ರ ನಿಂತು ನೋಡ್ತಾನೇ ಇರ್ತೀನಿ ನಾನು. ಊರವ್ರಿಗೆಲ್ಲ ಹಾಕ್ತೀಯ, ನಿನಗೊಂದು ಹಾಕ್ಕೊಂಡಿದ್ದೀಯಾ?"

ಇಪ್ಪತ್ತು ವರ್ಷ ಆ ಗೇಟು ದಾಟುವಾಗ ನಾನು ತಿರುಗಿ ನೋಡಿದ್ದೇ ಇಲ್ಲ. ಅವರು ಮಂತ್ರದಲ್ಲಿದ್ದಾರೆ, ಮುಟ್ಟಬಾರದು, ಮಾತಾಡಿಸಬಾರದು ಎಂದು ತಲೆ ತಗ್ಗಿಸಿ ಹೋಗಿಬಿಡುತ್ತಿದ್ದೆ.

ಸೋಮವಾರ ಬೆಳಿಗ್ಗೆ ಶಾಲು ಹೊದ್ದು ಹೊರಟೆ. ಅಷ್ಟು ಸಲ ಒಗೆಸಿಕೊಂಡು ಅದು ಮೊದಲಿಗಿಂತ ಒಂದು ಮೊಳ ಉದ್ದವಾಗಿತ್ತು, ಮೈ ತುಂಬ ಗುಂಜು ಎದ್ದಿತ್ತು, ಹಳೆಯ ಹತ್ತಿ ಸೀರೆಯಷ್ಟು ಮೆತ್ತಗಾಗಿತ್ತು. ಗೇಟಿನ ಹತ್ತಿರ ನಿಂತು ಹಿಂತಿರುಗಿ ನೋಡಿದೆ. ಕಪ್ಪು ಶಾಲಿನಲ್ಲಿ ಅತ್ತೆ ತುಳಸಿಯ ಮುಂದೆ ನಿಂತಿದ್ದರು. ಮಂತ್ರ ನಿಲ್ಲಿಸದೆ, ಕಿವಿ ಮುಚ್ಚಿಕೋ ಎಂದು ಕೈಸನ್ನೆ ಮಾಡಿದರು.